ಜನವರಿಯ ಬಿಸಿಲು

ಅಧ್ಯಾಯ ಒಂಬತ್ತು

“ಜನವರಿ ಹದಿನೆಂಟು, ಎರಡು ಸಾವಿರದ ಹನ್ನೊಂದು,” ಎಂದರು ಯಶೋದಮ್ಮ. ಕಣ್ಣು ಮುಚ್ಚಿಕೊಂಡಿದ್ದರು. “‘ಅಕ್ಕನವರಿಗೆ ತಂಗಮಲರ್ ಮಾಡುವ ನಮಸ್ಕಾರ. ನಾವೆಲ್ಲ ಕ್ಷೇಮ. ಇಲ್ಲಿ ಈಗ ಒಣ ಹವೆ. ಬಿಸಿಲು ಹಿತವಾಗಿದೆ. ಸಮುದ್ರ ಕನ್ನಡಿಯ ಹಾಗೆ ಮಲಗಿದೆ. ನೀವು ಬರುವುದಾದರೆ ಇದೇ ಕಾಲದಲ್ಲಿ ಬನ್ನಿ.’ ಮುಂದಕ್ಕೂ ಹೇಳ್ಲೇನವ್ವ?”

“ಹೇಳಿ.”

ಹೇಳಿದರು. ಎಲ್ಲೂ ತಡವರಿಸಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು, ಇಂಗ್ಲಿಷಿನ ಒಂದಕ್ಷರವೂ ಬಾರದವರು. ಇಂಗ್ಲಿಷಿನಲ್ಲಿದ್ದ ಪತ್ರವನ್ನು ಬೇರೆಯವರು ಕನ್ನಡ ಮಾಡಿ ಓದಿದಾಗ ಕೇಳಿಸಿಕೊಂಡದ್ದು ಅಷ್ಟೆ. ಆದರೂ ಒಂದೊಂದು ಸಾಲೂ ಅವರೊಳಗೆ ಇಟ್ಟಲ್ಲೇ ಇತ್ತು.

ಯುಗಾದಿಯ ದಿನ ಅವರ ಮನೆಯಿಂದ ಕಾಣೆಯಾದ ಬಿಸ್ಕತ್ತಿನ ಡಬ್ಬಿಯನ್ನು, ಅದರೊಳಗಿದ್ದ ಇಪ್ಪತ್ತನಾಲ್ಕು ಪತ್ರಗಳನ್ನು ನಾನು ಹುಡುಕುತ್ತಿದ್ದೆ. ಎಂಟು ದಿನ ಅವರ ಕಿರಿಯ ಮಗ ಯೋಗಾನಂದರನ್ನೇ ಅನುಮಾನಿಸಿ, ನಿನ್ನೆಯಷ್ಟೇ ಆ ಅನುಮಾನವನ್ನು ಕೈಬಿಟ್ಟಿದ್ದೆ.

ಇನ್ನು ಹದಿನೇಳು ದಿನ ಉಳಿದಿತ್ತು. ಮೇ ನಾಲ್ಕಕ್ಕೆ ವಿಮಾನ. ಯಶೋದಮ್ಮ ತಮ್ಮ ಹಿರಿಯ ಮಗಳ ಮಗಳು ಕೀರ್ತನಾಳ ಜೊತೆ ಶ್ರೀಲಂಕಾಕ್ಕೆ ಹೊರಟಿದ್ದರು. ಅಲ್ಲಿ ಬಟ್ಟಿಕಲೋವಾ ಎನ್ನುವ ಊರಿನಲ್ಲಿ ತಂಗಮಲರ್ ಎಂಬ ಹೆಂಗಸಿನ ಮನೆ. ಅವಳನ್ನು ಕಂಡು, ಕೈ ಹಿಡಿದು, ಒಂದು ಸೀರೆ ಕೊಟ್ಟು ಬರಬೇಕು. ಊರಿನ ಹೆಸರು ಮಾತ್ರ ಗೊತ್ತು. ಬೀದಿ, ಮನೆ, ಎಲ್ಲ ಆ ಪತ್ರಗಳಲ್ಲಿತ್ತು.

“ಹತ್ತೊಂಬತ್ತು ದಿವ್ಸ ಕಣವ್ವ,” ಎಂದರು ಯಶೋದಮ್ಮ ಕಣ್ಣು ತೆರೆದು. “ನಮ್ಮ ಯಜಮಾನ್ರು ಜ್ವರದಾಗೆ ಬಿದ್ದಾಗ ಹತ್ತೊಂಬತ್ತು ದಿವ್ಸ ಗಂಜಿ ಕುಡಿಸಿ, ಮೈ ಒರೆಸಿ ನೋಡ್ಕೊಂಡವ್ಳೆ. ಬಂಧುವಾ, ಬಳಗವಾ? ಬಾಡಿಗೆ ಕೊಟ್ಟಿದ್ದ ಮನೆ ಯಜಮಾನಿ. ನಾನು ಮಾಡಬೇಕಾದ್ದ ಅವಳು ಮಾಡಿದ್ಲು. ಒಂದು ಸಲ ಎದ್ರುಗೆ ನಿಂತ್ಕೊಂಡು ಹೇಳಬೇಕಲ್ಲ, ಮಂಡಿ ಪೂರ್ತಿ ಕೈಕೊಡೋ ಮುಂಚೆ.”

ಗೋಡೆಯ ಮೇಲೆ ಕೆಂಪಯ್ಯನವರ ಫೋಟೋ ಇತ್ತು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವರು. ಎರಡು ಸಾವಿರದ ಮೂರರಲ್ಲಿ, ಆ ದ್ವೀಪದಲ್ಲಿ ಹೊಸದಾಗಿ ತೆರೆದ ಕಾರ್ಖಾನೆಯೊಂದರ ನಲವತ್ತು ಹುಡುಗಿಯರಿಗೆ ಕೆಲಸ ಕಲಿಸಲು ಹೋದರು. ಆರೇ ತಿಂಗಳು. ಆಗಸ್ಟಿನಲ್ಲಿ ಕಂಪನಿಯವನೊಬ್ಬ ಬಟ್ಟೆ ಕಟ್ಟಿದ ಬೂದಿಯ ಮಡಕೆ ತಂದುಕೊಟ್ಟ.

“ನಮ್ಮಲ್ಲಿ ಮಣ್ಣು ಮಾಡೋದು,” ಎಂದು ಯಶೋದಮ್ಮ ಮೊದಲ ದಿನವೇ ಹೇಳಿದ್ದರು. “ಅಲ್ಲಿ ಸುಟ್ಟುಬುಟ್ಟವ್ರೆ. ಮುಖಾನೂ ಕಾಣ್ಲಿಲ್ಲ.”

ಫೋಟೋದ ಕೆಳಗೆ ಮೊಳೆಯಲ್ಲಿ ಒಂದು ಉದ್ದನೆಯ ಕತ್ತರಿ ತೂಗುತ್ತಿತ್ತು. ಹಿಡಿಕೆಗೆ ಸುತ್ತಿದ್ದ ಬಟ್ಟೆ ಕಪ್ಪಾಗಿತ್ತು.

“ಈ ಮನೇಲಿ ಅದನ್ನ ಯಾರೂ ಬಳಸಲ್ಲ,” ಎಂದಳು ಕೀರ್ತನಾ, ನಾನು ನೋಡುತ್ತಿದ್ದುದನ್ನು ಕಂಡು. “ತಾತ ಲೆಫ್ಟಿ. ಅದು ಎಡಗೈ ಕತ್ತರಿ. ನಾವು ಹಿಡಿದ್ರೆ ಹಾಲಿನ ಪ್ಯಾಕೆಟ್ಟೂ ಕಟ್ ಆಗಲ್ಲ.”

“ಆದ್ರೂ ತಿಂಗಳಿಗೊಂದು ಸಲ ಎಣ್ಣೆ ಬುಡ್ತೀನಿ,” ಎಂದರು ಯಶೋದಮ್ಮ.

ಕೀರ್ತನಾ ತನ್ನ ಪ್ರವಾಸದ ನೋಟ್‌ಬುಕ್ ತೆರೆದಳು. ಇಪ್ಪತ್ತನಾಲ್ಕರ ಹುಡುಗಿ, ಬ್ಯಾಂಕಿನಲ್ಲಿ ಕೆಲಸ, ಎಲ್ಲದಕ್ಕೂ ಗೆರೆ ಎಳೆದು ಚೌಕ ಮಾಡುವ ಅಭ್ಯಾಸ. ಕೊಲಂಬೊದಿಂದ ಬಟ್ಟಿಕಲೋವಾಕ್ಕೆ ಬೆಳಗಿನ ರೈಲು. ಅಜ್ಜಿಯ ಮಾತ್ರೆಗಳು. ರಾಗಿ ಹಿಟ್ಟು ಎರಡು ಕೆಜಿ.

“ರಾಗಿ ಹಿಟ್ಟಾ?”

“ಮುದ್ದೆ ಇಲ್ದೆ ಆರು ದಿನ ಇರಲ್ವಂತೆ. ಮುದ್ದೆ ತಿರುವೋ ಕೋಲು ಬೇಡ ಅಂತ ಒಪ್ಪಿಸೋಕೇ ಒಂದು ವಾರ ಆಯ್ತು.”

“ಒಣ ಕಾಲದಾಗೆ ತಾನೆ ಹೋಗೋದು,” ಎಂದರು ಅಜ್ಜಿ. “ಹಿಟ್ಟು ಕೆಡಲ್ಲ.”

“ಅಲ್ಲೇ, ಸ್ಮೃತಿ ಅಕ್ಕಾ, ನಮ್ಮಿಬ್ರಿಗೂ ಜಗಳ.” ಕೀರ್ತನಾ ಪುಟ ತಿರುಗಿಸಿದಳು. “ಅಜ್ಜಿ ಜನವರೀಲಿ ಹೋಗೋಣ ಅಂತ ಹಟ ಹಿಡಿದಿದ್ರು. ಪತ್ರದಲ್ಲಿ ಪ್ರತೀ ಸಲ ಅದೇ ಬರೆದಿದೆಯಂತೆ, ಜನವರೀಲಿ ಒಣ ಹವೆ ಅಂತ. ಕೊಲಂಬೊ ಕಡೆ, ದಕ್ಷಿಣದ ಕಡೆ ಅದು ಸರಿ. ಆದ್ರೆ ಬಟ್ಟಿಕಲೋವಾ ಇರೋದು ಪೂರ್ವಕ್ಕೆ. ಅಲ್ಲಿ ಉಲ್ಟಾ. ನವೆಂಬರ್‌ನಿಂದ ಫೆಬ್ರವರಿವರೆಗೆ ಮಳೆಯೋ ಮಳೆ. ಏಪ್ರಿಲ್, ಮೇ ಬಂದ ಮೇಲೇ ಒಣ ಕಾಲ. ಅದಕ್ಕೇ ಮೇ ಅಂತ ಬುಕ್ ಮಾಡ್ದೆ. ಪಾಪ, ಅಜ್ಜಿಗೆ ಎಲ್ಲೋ ಮರೆತುಹೋಗಿದೆ.”

“ನಂಗೇನೂ ಮರೆತಿಲ್ಲ ಕಣೇ.”

ನಾನು ಪುಟವನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ತಿಂಗಳಿಗೊಂದು ಚೌಕ, ಚೌಕಕ್ಕೊಂದು ಮಳೆಯ ಲೆಕ್ಕ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಳು: ‘2011 ಜನವರಿ. ಭಾರಿ ಪ್ರವಾಹ. ಜಿಲ್ಲೆಯ ಬಹುಪಾಲು ನೀರಿನಲ್ಲಿ.’

“ಇದೆಲ್ಲಿ ಸಿಕ್ತು?”

“ಹಳೇ ಸುದ್ದಿ. ಅಜ್ಜಿಗೆ ತೋರಿಸಿ ಜನವರಿ ಬೇಡ ಅಂತ ಒಪ್ಪಿಸೋಕೆ ಹುಡುಕಿದ್ದು.”

ಎರಡು ಸಾವಿರದ ಹನ್ನೊಂದರ ಜನವರಿ ಹದಿನೆಂಟು. ಇಲ್ಲಿ ಈಗ ಒಣ ಹವೆ. ಸಮುದ್ರ ಕನ್ನಡಿಯ ಹಾಗೆ ಮಲಗಿದೆ.

ಹೊರಗೆ ಮಾಗಡಿ ರಸ್ತೆಯ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಅಜ್ಜಿಗೆ ಮರೆವಿರಲಿಲ್ಲ. ಮೊಮ್ಮಗಳ ಲೆಕ್ಕವೂ ತಪ್ಪಿರಲಿಲ್ಲ. ಅಂಗಳದಲ್ಲಿ ನೀರು ನಿಂತವಳು ಬಿಸಿಲು ಹಿತವಾಗಿದೆ ಎಂದು ಬರೆಯುವುದಿಲ್ಲ. ಆ ಪತ್ರ ಬರೆದವರು ಆ ಊರಿನಲ್ಲಿರಲಿಲ್ಲ.

“ಅಮ್ಮ, ಪತ್ರಗಳು ಯಾವ ವಿಳಾಸಕ್ಕೆ ಬರ್ತಿದ್ವು?”

“ವೆಂಕಟಗಿರಿ ಮೇಷ್ಟ್ರ ಮನೆಗೆ, ಬಸವೇಶ್ವರನಗರದಾಗೆ. ಯಜಮಾನ್ರಿಗೆ ಬೇಕಾದೋರು. ಆಗ ನಾವು ವರ್ಷಕ್ಕೊಂದು ಬಾಡಿಗೆ ಮನೆ ಬದಲಾಯಿಸ್ತಿದ್ವಿ. ಯಜಮಾನ್ರು ಹೋಗುವಾಗ್ಲೇ ಕಂಪನೀಲೂ, ಅಲ್ಲೂ ಮೇಷ್ಟ್ರ ವಿಳಾಸವೇ ಕೊಟ್ಟಿದ್ರು.”

“ಓದಿ ಹೇಳ್ತಿದ್ದೋರೂ ಅವರೇ?”

“ಇನ್ಯಾರು? ಬಾಗ್ಲಲ್ಲೇ ನಿಂತ್ಕೊಂಡು ‘ಯಶೋದಮ್ಮ, ನಿಮ್ಮ ತಂಗೀದು ಬಂತು’ ಅನ್ನೋರು. ಆವತ್ತು ನಮ್ಮನೇಲಿ ಹಬ್ಬ.”

ಕೀರ್ತನಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವಳನ್ನು ಬಾಗಿಲ ಹೊರಗೆ ಕರೆದುಕೊಂಡು ಬಂದೆ.

“ಯುಗಾದಿ ದಿನ ಪತ್ರಗಳನ್ನ ಸ್ಕ್ಯಾನ್ ಮಾಡ್ತೀನಿ ಅಂತ ಹೇಳಿದ್ಯಲ್ಲ, ಆಗ ಮೇಷ್ಟ್ರು ಇದ್ರಾ?”

“ಬೇವು ಬೆಲ್ಲ ತಗೊಳ್ತಾ ಕೂತಿದ್ರು. ಯಾಕಕ್ಕಾ?”

“ನೀನು ಆ ಪತ್ರಗಳನ್ನ ಯಾವತ್ತೂ ಕಣ್ಣಾರೆ ನೋಡಿಲ್ಲ ಅಲ್ವಾ?”

“ಅಜ್ಜಿ ಟ್ರಂಕಿಗೆ ಬೀಗ ಹಾಕ್ತಿದ್ರು. ಹಬ್ಬದ ದಿನ ಮಾತ್ರ ತೆಗೆದು ದೇವರ ಮುಂದೆ ಇಡೋದು.”

“ಮೇಷ್ಟ್ರ ಅಕ್ಷರ ನಿಂಗೆ ಗುರುತು ಸಿಗುತ್ತಾ?”

“ಮೂರು ವರ್ಷ ಅವರ ಹತ್ರ ಇಂಗ್ಲಿಷ್ ಟ್ಯೂಷನ್ನಿಗೆ ಹೋಗಿದೀನಿ. ಕತ್ತಲಲ್ಲೂ ಗುರುತು...” ಅಲ್ಲಿಗೆ ಅವಳ ಮಾತು ನಿಂತಿತು.

*

ಮುನಿಯಣ್ಣ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡೇ ಇದ್ದ. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಿಯಾದವನು. ಈಗ ಹೊಸಹಳ್ಳಿಯ ನನ್ನ ಪತ್ತೇದಾರಿ ಆಫೀಸಿಗೆ ಅವನೇ ಕಾಲು, ಅವನೇ ಬಾಯಿ.

“ಬಸವೇಶ್ವರನಗರಕ್ಕಾ? ಆ ಮೇಷ್ಟ್ರ ಮನೆಗಾ?” ಎಂದ. “ಮೇಡಂ, ಅವರು ಕದಿಯೋ ಪೈಕಿ ಅಲ್ಲ. ನನ್ನ ತಂಗಿ ಮಗನಿಗೆ ಪಾಠ ಹೇಳವ್ರೆ. ಮಕ್ಕಳ ಪೆನ್ಸಿಲ್ ಬಿದ್ದಿದ್ರೆ ಮನೆ ಮನೆಗೆ ಹೋಗಿ ಕೊಟ್ಟು ಬರೋ ಆಸಾಮಿ.”

“ಗೊತ್ತು.”

“ಮತ್ತೆ?”

ನಾನು ಹಿಂದೆ ಹತ್ತಿ ಕುಳಿತೆ. ಕಾಮಾಕ್ಷಿಪಾಳ್ಯ ದಾಟುವವರೆಗೂ ಅವನು ಮತ್ತೆ ಕೇಳಲಿಲ್ಲ. ನನ್ನ ಜೊತೆ ಮೂರು ವರ್ಷವಿದ್ದು ಅವನು ಕಲಿತದ್ದು ಅದೊಂದೇ.

ದಾರಿಯುದ್ದಕ್ಕೂ ನನಗೆ ಗೆದ್ದ ಖುಷಿಯಿರಲಿಲ್ಲ. ಹದಿನೇಳು ದಿನದಲ್ಲಿ ಒಬ್ಬ ಮುದುಕಿಗೆ ವಿಳಾಸ ಹುಡುಕಿಕೊಡಬೇಕಾಗಿತ್ತು. ಈಗ ನೋಡಿದರೆ ಆ ವಿಳಾಸದ ಆಚೆ ಯಾರೂ ಇಲ್ಲ ಎಂದು ಹೇಳಲು ಹೊರಟವಳ ಹಾಗಿದ್ದೆ.

ವೆಂಕಟಗಿರಿ ಮೇಷ್ಟ್ರು ತಾರಸಿಯ ಮೇಲಿದ್ದರು. ನೀರಿನ ಟ್ಯಾಂಕಿನ ನೆರಳಿನಲ್ಲಿ ಕುರ್ಚಿ, ತಲೆಯ ಮೇಲೆ ಒದ್ದೆ ಟವೆಲ್ಲು, ಕೈಯಲ್ಲಿ ಕೋಲು. ಮುಂದೆ ಹಳೆಯ ಪಂಚೆಯ ತುಂಬ ಅರಳು ಸಂಡಿಗೆ.

“ಬನ್ನಿಮ್ಮಾ, ಬನ್ನಿ. ನಲವತ್ತು ವರ್ಷ ಮಕ್ಕಳನ್ನ ಕಾದೆ. ಈಗ ಕಾಗೆ ಕಾಯೋ ಕೆಲಸ. ನಮ್ಮ ಹೆಡ್‌ಮಿಸ್ಟ್ರೆಸ್ಸು ಕೆಳಗಿಂದ್ಲೇ ಹಾಜರಿ ತಗೋತಾಳೆ.”

“ಸಂಡಿಗೆ ಎಣಿಸಿಟ್ಟಿದೀನಿ,” ಎಂದು ಕೆಳಗಿನಿಂದ ಸೀತಮ್ಮನ ದನಿ ಬಂತು. “ಕಾಗೆ ತಿಂತು ಅಂತ ನೀವು ತಿನ್ನಬೇಡಿ.”

ನಾನು ಕಟ್ಟೆಯ ಮೇಲೆ ಕುಳಿತೆ. ಮುನಿಯಣ್ಣ ಮೆಟ್ಟಿಲ ಬಳಿಯೇ ನಿಂತ.

“ಡಬ್ಬಿ ಸಿಕ್ತೇನಮ್ಮಾ?” ಎಂದು ಕೇಳಿದರು ಮೇಷ್ಟ್ರು.

“ವಿಳಾಸ ನಿಮಗೇ ನೆನಪಿರಬಹುದು ಅಂತ ಬಂದೆ. ಯಶೋದಮ್ಮನ ಉತ್ತರಗಳಿಗೆ ಲಕೋಟೆ ಮೇಲೆ ಬರೀತಿದ್ದವರು ನೀವೇ ಅಲ್ವಾ?”

“ವಯಸ್ಸಾಯ್ತು. ಈಗೆಲ್ಲಿ ನೆನಪಿರುತ್ತೆ?”

“ಮುನಿಯಣ್ಣನ ತಂಗಿ ಮಗ ಯಾವ ವರ್ಷ ನಿಮ್ಮ ವಿದ್ಯಾರ್ಥಿ?”

“ಶ್ರೀರಾಮ್ ಅಲ್ವಾ? ತೊಂಬತ್ತೆಂಟನೇ ಬ್ಯಾಚು, ಬಿ ಸೆಕ್ಷನ್. ಮೂರನೇ ಬೆಂಚು, ಕಿಟಕಿ ಪಕ್ಕ...” ಹೇಳಿಬಿಟ್ಟು ಅವರು ಸಂಡಿಗೆಯ ಕಡೆ ನೋಡಿದರು.

ಜನ ಪ್ರಶ್ನೆಗೆ ಸುಳ್ಳು ಹೇಳುತ್ತಾರೆ. ಸುಮ್ಮನೆ ಎದುರು ಕುಳಿತವರಿಗೆ ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ: “ಮೇಷ್ಟ್ರೇ, ಪತ್ರ ಬರೆಯೋದನ್ನ ಮಕ್ಕಳಿಗೆ ಹೇಗೆ ಕಲಿಸ್ತಿದ್ರಿ?”

ಅವರ ಮುಖ ಅರಳಿತು. “ಊರು, ತಾರೀಕು. ಆಮೇಲೆ ಸಂಬೋಧನೆ. ಕ್ಷೇಮ ಸಮಾಚಾರ. ಹವೆ ಹೇಗಿದೆ ಅಂತ ಒಂದೆರಡು ಸಾಲು. ಅದಾದ್ಮೇಲೇ ವಿಷಯಕ್ಕೆ ಬರಬೇಕು. ಹವೆ ಬರೆದ್ರೆ ಓದೋರಿಗೆ ಆ ಊರಲ್ಲೇ ನಿಂತ ಹಾಗಿರುತ್ತೆ.”

ನಾನು ಕೀರ್ತನಾಳ ನೋಟ್‌ಬುಕ್ ತೆರೆದು ಅವರ ತೊಡೆಯ ಮೇಲಿಟ್ಟೆ. ಮಳೆಯ ಚೌಕಗಳು ಎಡಕ್ಕೆ. ಬಲಕ್ಕೆ, ಯಶೋದಮ್ಮ ಬಾಯಲ್ಲಿ ಹೇಳಿದಂತೆ ನಾನು ಬರೆದುಕೊಂಡಿದ್ದ ಸಾಲುಗಳು. ಜನವರಿ, ಒಣ ಹವೆ. ಜನವರಿ, ಬಿಸಿಲು. ಜನವರಿ, ಸಮುದ್ರ ಶಾಂತ.

ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. ಕೆಂಪು ಶಾಯಿಯ ಟಿಪ್ಪಣಿಯ ಮೇಲೆ ಬೆರಳು ನಿಂತಿತು.

ಒಂದು ಕಾಗೆ ಪಂಚೆಯ ಮೇಲಿಳಿದು ಸಂಡಿಗೆಯೊಂದನ್ನು ಕಚ್ಚಿಕೊಂಡು ಹಾರಿತು. ಕೋಲು ಅಲುಗಲಿಲ್ಲ.

“ಪೂರ್ವಕ್ಕೆ ಬೇರೆ ಕಾಲ, ಪಶ್ಚಿಮಕ್ಕೆ ಬೇರೆ ಕಾಲ,” ಎಂದರು ಕೊನೆಗೆ. “ಅಷ್ಟು ಚಿಕ್ಕ ದೇಶ. ನಾನು ಇಡೀ ದೇಶಕ್ಕೆ ಒಂದೇ ಬಿಸಿಲು ಅಂದ್ಕೊಂಡಿದ್ದೆ. ಶಾಲೆ ಲೈಬ್ರರಿಯ ಪುಸ್ತಕದಲ್ಲಿ ಕೊಲಂಬೊದ್ದು ಮಾತ್ರ ಇತ್ತು.”

“ಎಷ್ಟು ಪತ್ರ ನಿಮ್ಮವು?”

“ಇಪ್ಪತ್ತೊಂದು. ಮೊದಲಿನ ಮೂರು ತಂಗಮಲರ್‌ದೇ. ಅವಳ ತಂಗಿ ಮಗಳು ಇಂಗ್ಲಿಷಲ್ಲಿ ಬರೆದುಕೊಡ್ತಿದ್ಲು. ಎರಡು ಸಾವಿರದ ನಾಲ್ಕರ ಡಿಸೆಂಬರಲ್ಲಿ ಸಮುದ್ರ ಊರೊಳಗೆ ನುಗ್ಗಿತಲ್ಲ. ಆಮೇಲೆ ಪತ್ರ ಇಲ್ಲ.”

ಮುನಿಯಣ್ಣ ಮೆಟ್ಟಿಲ ಮೇಲೆ ಕೂತ.

“ಯಶೋದಮ್ಮ ಟಿವಿ ನೋಡಿಬಿಟ್ಟಿದ್ರು. ದಿನಾ ಬರೋರು. ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮುಗಿಸಿ, ಸುಂಕದಕಟ್ಟೆಗೆ ಹೋಗೋ ಬಸ್ ಬಿಟ್ಟು, ನಡ್ಕೊಂಡು ಇಲ್ಲಿಗೆ. ಗೇಟಲ್ಲಿ ನಿಂತು ‘ತಂಗಮ್ಮ ಹೆಂಗವ್ಳೆ ಮೇಷ್ಟ್ರೇ, ಕಾಗದ ಬಂತಾ?’ ಅಂತ ಒಂದೇ ಮಾತು. ಗಂಡ ಹೋದಾಗ್ಲೂ ಆ ಹೆಂಗಸು ಹಾಗೆ ನಿಂತಿರ್ಲಿಲ್ಲ. ಇಪ್ಪತ್ತೆರಡು ದಿನ ನೋಡ್ದೆ. ಇಪ್ಪತ್ಮೂರನೇ ದಿನ ನಾನೇ ಬರೆದೆ.”

“ಹವೆ ಸಮೇತ.”

“ಅವರಿಗೆ ಭಯ ಇದ್ದದ್ದು ಸಮುದ್ರದ್ದು. ಅದಕ್ಕೇ ಪ್ರತೀ ವರ್ಷ ಸಮುದ್ರಾನ ಮಲಗಿಸ್ದೆ.” ಅವರು ನಗಲು ನೋಡಿದರು, ಆಗಲಿಲ್ಲ. “ಕೆಂಪಯ್ಯ ನನ್ನ ಕ್ಲಾಸಿನ ಹನ್ನೊಂದು ಮಕ್ಕಳಿಗೆ ಉಳಿದ ತುಂಡು ಬಟ್ಟೇಲಿ ಯೂನಿಫಾರ್ಮ್ ಹೊಲಿದುಕೊಟ್ಟಿದ್ದ. ಯಾರಿಗೂ ಹೇಳಬೇಡಿ ಮೇಷ್ಟ್ರೇ ಅಂದಿದ್ದ. ಅವನಿಗೆ ನಾನು ಏನು ಕೊಟ್ಟೆ? ವರ್ಷಕ್ಕೊಂದು ಸುಳ್ಳು.”

ಕೆಳಗೆ ಹೋಗಿ ಡಬ್ಬಿ ತಂದುಕೊಟ್ಟರು. ದೇವರ ಮನೆಯ ಕಪಾಟಿನಲ್ಲಿಟ್ಟಿದ್ದರಂತೆ. ಒಂದು ಪತ್ರವೂ ಕಡಿಮೆಯಾಗಿರಲಿಲ್ಲ.

“ಸುಟ್ಟುಬಿಡೋಣ ಅಂದ್ಕೊಂಡೆ. ಕೈ ಬರ್ಲಿಲ್ಲ.”

“ಮತ್ತೆ ಆ ಟೀ ಪುಡಿ ಪ್ಯಾಕೆಟ್?” ಎಂದೆ. ಯಶೋದಮ್ಮ ಹೇಳಿದ್ದರು, ಪ್ರತಿ ಜನವರಿ ತಂಗಮಲರ್ ಟೀ ಪುಡಿ ಕಳಿಸುತ್ತಾಳೆ ಎಂದು. “ಅದನ್ನೂ ನೀವೇ ಕೊಂಡು ತರ್ತಿದ್ರಾ?”

ಮೇಷ್ಟ್ರು ತಲೆಯೆತ್ತಿದರು.

“ಇಲ್ಲಮ್ಮಾ. ಅದು ನಿಜವಾಗ್ಲೂ ಬರುತ್ತೆ.”

“ಎಲ್ಲಿಂದ?”

“ಅಲ್ಲಿಂದಲೇ. ಯಶೋದಮ್ಮ ಹೇಳಿ ಬರೆಸಿದ ಉತ್ತರಗಳನ್ನ ನಾನು ಅಂಚೆಗೆ ಹಾಕ್ತಿರ್ಲಿಲ್ಲ. ಯಾರಿಗೆ ಅಂತ ಹಾಕ್ಲಿ? ಹನ್ನೊಂದನೇ ಇಸವೀಲಿ ಒಂದು ಸಲ ಮನಸ್ಸು ತಡೀಲಿಲ್ಲ. ಹಳೇ ವಿಳಾಸಕ್ಕೇ ಹಾಕ್ಬಿಟ್ಟೆ. ವಾಪಸ್ ಬರ್ಲಿಲ್ಲ. ಮುಂದಿನ ಜನವರೀಲಿ ಬಟ್ಟೇಲಿ ಹೊಲಿದ ಪಾರ್ಸಲ್ ಬಂತು. ಅರ್ಧ ಕೆಜಿ ಟೀ ಪುಡಿ. ಒಳಗೆ ಒಂದು ಚೀಟಿಯೂ ಇಲ್ಲ, ಹೊರಗೆ ಕಳಿಸಿದವರ ಹೆಸರೂ ಇಲ್ಲ. ಆವತ್ತಿಂದ ಹದಿನಾಲ್ಕು ವರ್ಷ, ತಪ್ಪದೆ. ಅದರ ಜೊತೆ ನಾನು ಒಂದು ಪತ್ರ ಸೇರಿಸ್ತಿದ್ದೆ ಅಷ್ಟೆ.”

“ಯಾರು ಅಂತ ಯೋಚಿಸ್ಲಿಲ್ವಾ?”

“ತಂಗಮಲರ್ ಬದುಕಿದಾಳೆ, ಬರೆದುಕೊಡೋ ಹುಡುಗಿ ಇಲ್ಲ, ಅಂತ ಅಂದ್ಕೊಂಡೆ. ಹಾಗೆ ಅಂದ್ಕೊಂಡ್ರೆ ನನಗೂ ನಿದ್ದೆ ಬರ್ತಿತ್ತು.”

“ಪಾರ್ಸಲ್ ಬಟ್ಟೆ?”

ಉತ್ತರ ಮೆಟ್ಟಿಲಿನಿಂದ ಬಂತು. ಸೀತಮ್ಮ ಮಜ್ಜಿಗೆಯ ಲೋಟಗಳನ್ನು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

“ಗಟ್ಟಿ ಬಟ್ಟೆ, ಎಸೆಯೋಕೆ ಮನಸ್ಸು ಬರ್ಲಿಲ್ಲ. ಒಂದು ಕಡೆ ಕತ್ತರಿಸಿ ಟೀ ಪುಡಿ ತೆಗೆದ್ರೆ ಒಳ್ಳೇ ಚೀಲ. ಸಾಸಿವೆ, ಮೆಂತ್ಯ, ಧನಿಯ ಎಲ್ಲ ಅದರಲ್ಲೇ ತುಂಬಿಟ್ಟಿದೀನಿ.” ಗಂಡನ ಕಡೆ ತಿರುಗಿದರು. “ಇಷ್ಟು ವರ್ಷ ಅಡುಗೆಮನೇಲಿ ಸಾಲಾಗಿ ನೇತುಹಾಕಿದೀನಿ. ನೀವು ಒಂದು ದಿನ ಬಂದು ನೋಡಿದ್ರೆ ತಾನೆ.”

*

ಯಶೋದಮ್ಮನಿಗೆ ತಾವೇ ಹೇಳಬೇಕೆಂದು ಮೇಷ್ಟ್ರು ಹಟ ಮಾಡಿದರು. ಆಟೋದಲ್ಲಿ ಹೊರಟೆವು. ಮೇಷ್ಟ್ರ ತೊಡೆಯ ಮೇಲೆ ಡಬ್ಬಿ, ನನ್ನ ತೊಡೆಯ ಮೇಲೆ ಈ ವರ್ಷದ ಚೀಲ, ಸಾಸಿವೆ ತುಂಬಿದ್ದು. ಹಿಂದೆ ಮುನಿಯಣ್ಣನ ಸ್ಕೂಟರು.

ಹಾವನೂರು ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಾಗ ತಂಗಮಲರ್‌ಳ ಮೊದಲ ಪತ್ರ ತೆಗೆದು ಓದಿದೆ. ಚಿಕ್ಕ ಪತ್ರ, ಮುಗ್ಧವಾದ ಇಂಗ್ಲಿಷು. ಹತ್ತೊಂಬತ್ತು ದಿನ ಗಂಜಿ ಕುಡಿಸಿದ್ದು ಅದರಲ್ಲಿತ್ತು. ಕೊನೆಯಲ್ಲಿ ಹೀಗಿತ್ತು: ‘ಇಪ್ಪತ್ತನೆಯ ದಿನ ಕಂಪನಿಯ ವ್ಯಾನು ಬಂದು ಅವರನ್ನು ಕರೆದುಕೊಂಡು ಹೋಯಿತು. ಆಮೇಲೆ ನಮಗೆ ಅವರ ಮುಖ ನೋಡಲಾಗಲಿಲ್ಲ.’

“ಮೇಷ್ಟ್ರೇ, ಇದನ್ನ ನೀವು ಹೇಗೆ ಓದಿದ್ರಿ?”

“‘ಇಪ್ಪತ್ತನೆಯ ದಿನ ಅವರು ನಮ್ಮನ್ನ ಬಿಟ್ಟುಹೋದರು’ ಅಂತ. ಎದುರಿಗೆ ಆಕೆ ಬರೀ ಹಣೇಲಿ ಕೂತಿದ್ರು. ವ್ಯಾನು ಗೀನು ಅಂತ ಹೇಗೆ ಓದ್ಲಿ?”

ನಾನು ಪತ್ರವನ್ನು ಮಡಚಿದೆ. ಮರಣದ ಮಾತು ಆ ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಓದಿದವರೊಬ್ಬರು ಅದನ್ನು ಕರುಣೆಯಿಂದ ಸೇರಿಸಿದ್ದರು.

ಯಶೋದಮ್ಮನ ಮನೆಯಲ್ಲಿ ಮೇಷ್ಟ್ರು ನಿಂತುಕೊಂಡೇ ಹೇಳಿದರು. ಎಲ್ಲವನ್ನೂ. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. ಕೀರ್ತನಾ ಅಜ್ಜಿಯ ಭುಜ ಹಿಡಿದುಕೊಂಡಿದ್ದಳು.

ಪಕ್ಕದ ಮನೆಯ ಕುಕ್ಕರ್ ಮೂರು ಸಲ ಕೂಗಿತು.

“ಇಪ್ಪತ್ತೊಂದು ಕಾಗದ ಬರೆದ್ರಾ ಮೇಷ್ಟ್ರೇ?” ಎಂದರು ಯಶೋದಮ್ಮ.

“ಹೌದು.”

“ಯೋಗಾನಂದ ಎಸ್ಸೆಸ್ಸೆಲ್ಸೀಲಿ ಫೇಲಾದ ವರ್ಷ, ‘ಮಕ್ಕಳನ್ನು ಬಯ್ಯಬೇಡಿ ಅಕ್ಕಾ’ ಅಂತ ಇತ್ತಲ್ಲ, ಅದೂ ನೀವೇಯಾ?”

“ನಾನೇ.”

“ನಂಗೆ ಗರ್ಭಕೋಶದ ಆಪರೇಷನ್ ಆದಾಗ, ‘ನಾನು ಪಕ್ಕದಲ್ಲೇ ಕೂತಿದ್ದೇನೆ ಅಂದುಕೊಳ್ಳಿ’ ಅಂತ?”

ಮೇಷ್ಟ್ರು ತಲೆ ಆಡಿಸಿದರು.

“ಆ ಕಾಗದ ತಲೆದಿಂಬಿನ ಕೆಳಗೆ ಇಟ್ಕೊಂಡೇ ಆಪರೇಷನ್ನಿಗೆ ಹೋಗಿದ್ದೆ.” ಯಶೋದಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. “ಒಬ್ಬಳಿಗೆ ಋಣಿ ಅಂದ್ಕೊಂಡಿದ್ದೆ. ಇಬ್ರಿಗೆ ಆಯ್ತು. ಕೂತ್ಕಳಿ ಮೇಷ್ಟ್ರೇ. ಇಪ್ಪತ್ತು ವರ್ಷ ನನ್ನ ಪಕ್ಕ ಕೂತಿದ್ರಿ, ಈಗ್ಯಾಕೆ ನಿಂತಿದ್ದೀರಾ? ಕೀರ್ತೂ, ಕಾಫಿ ಇಡು.”

ಮೇಷ್ಟ್ರು ಕುಳಿತರು. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಮುನಿಯಣ್ಣ ಬಾಗಿಲ ಕಡೆ ತಿರುಗಿ, ಇಲ್ಲದ ಸ್ಕೂಟರ್ ಶಬ್ದವೊಂದನ್ನು ಕೇಳಿಸಿಕೊಳ್ಳುವವನ ಹಾಗೆ ನಿಂತ.

ಇಂಥದ್ದನ್ನು ಕಾಣಲೆಂದೇ ನಾನು ಈ ಕೆಲಸದಲ್ಲಿದ್ದೇನೆಯೋ ಏನೋ. ತಪ್ಪು ಮಾಡಿದವನನ್ನು ಹಿಡಿದುಕೊಟ್ಟೆ. ಅವನಿಗೆ ಕಾಫಿ ಸಿಕ್ಕಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಚೀಲವನ್ನು ಬ್ಯಾಗಿನಲ್ಲೇ ಉಳಿಸಿಕೊಂಡು ಎದ್ದು ಹೋಗಬಹುದಿತ್ತು. ಆದರೆ ವಿಮಾನಕ್ಕೆ ಇನ್ನೂ ಹದಿನೇಳು ದಿನವಿತ್ತು, ಸೀರೆ ಇನ್ನೂ ಕವರಿನಲ್ಲೇ ಇತ್ತು.

“ಅಮ್ಮ, ಟೀ ಪುಡಿ ಮಾತ್ರ ನಿಜವಾಗಿ ಅಲ್ಲಿಂದಲೇ ಬರ್ತಿದೆ,” ಎಂದೆ. “ಈ ಜನವರೀಲೂ ಬಂದಿದೆ. ಬಟ್ಟೆ ಇದು. ಅಲ್ಲಿನ ಅಂಚೆ ಮುದ್ರೆ ನೋಡಿ.”

“ನಂಗೆ ಬರೀ ಪುಡಿ ಕೊಡ್ತಿದ್ರು. ಬಟ್ಟೆ ನೋಡೇ ಇಲ್ಲ,” ಎಂದು ಅವರು ಕೈ ಚಾಚಿದರು.

ಸಾಸಿವೆಯನ್ನು ತಟ್ಟೆಗೆ ಸುರಿದರು. ಚೀಲವನ್ನು ಒಳಮಗ್ಗುಲಾಗಿ ತಿರುವಿದರು. ಹದಿನೆಂಟು ವರ್ಷ ಚೆಕಿಂಗ್ ಟೇಬಲ್ಲಿನಲ್ಲಿ ಹೊಲಿಗೆ ನೋಡಿದ ಕೈಗಳು. ಬಟ್ಟೆ ಸಿಕ್ಕ ಕೂಡಲೇ ತಮ್ಮಷ್ಟಕ್ಕೆ ತಾವೇ ಅಂಚಿಗೆ ಹೋದವು. ಹೆಬ್ಬೆರಳು ಹೊಲಿಗೆಯ ಮೇಲೆ ನಿಧಾನವಾಗಿ ಸರಿಯಿತು. ಮೂಲೆಗೆ ಬಂದು ನಿಂತಿತು.

“ಗಂಟು ಒಳಗೆ ಮಡಚವ್ರೆ,” ಎಂದರು. “ಎರಡು ಸಲ ಹಿಂದಕ್ಕೆ ಹೊಲಿದು, ದಾರದ ತುದಿ ಕಾಣದಂಗೆ.”

“ಏನಾಯ್ತಜ್ಜಿ?”

“ಇದು ನಮ್ಮ ಯಜಮಾನ್ರ ಗಂಟು.”

ಮೇಷ್ಟ್ರು ಟವೆಲ್ಲನ್ನು ಮುಖದಿಂದ ತೆಗೆದರು.

ನಾನು ಅವಸರದಲ್ಲಿ ಹೇಳಿದೆ. ಅವರಿಗಾಗಿ ಹೇಳಿದೆನೋ, ನನಗಾಗಿಯೋ ಗೊತ್ತಿಲ್ಲ. “ನಲವತ್ತು ಹುಡುಗೀರಿಗೆ ಕಲಿಸೋಕೆ ಹೋಗಿದ್ರಲ್ಲಮ್ಮ. ಅವರಲ್ಲಿ ಯಾರಾದ್ರೂ ಇರಬಹುದು. ಕಲಿಸಿದ ಗುರುವಿನ ಮನೆಗೆ ಅಂತ ಕಳಿಸ್ತಿರಬಹುದು.”

“ಗಂಟು ಕಲಿಸಬಹುದವ್ವ.”

ಅವರು ಟ್ರಂಕಿನ ಮೇಲಿದ್ದ ಸೂಜಿ ದಾರ ತರಿಸಿದರು. ಕನ್ನಡಕ ಹಾಕಿಕೊಂಡು, ಚೀಲದ ತೆರೆದ ಅಂಚನ್ನು ಮಡಚಿ, ಹಳೆಯ ಹೊಲಿಗೆ ಮುಗಿದ ಕಡೆಯಿಂದ ತಾವು ನಾಲ್ಕು ಹೊಲಿಗೆ ಹಾಕಿದರು. ಅದೇ ಸುತ್ತು ಹೊಲಿಗೆ, ಅಷ್ಟೇ ಅಂತರ. ಅಲ್ಲಿಗೆ ನಿಲ್ಲಿಸಿ ನನ್ನ ಮುಂದೆ ಹಿಡಿದರು.

ಅವರ ದಾರ ಬಲಕ್ಕೆ ವಾಲಿತ್ತು. ಹಳೆಯ ದಾರ, ಮೂರೂ ಅಂಚುಗಳಲ್ಲಿ, ಮೊದಲಿನಿಂದ ಕೊನೆಯವರೆಗೆ ಎಡಕ್ಕೆ ವಾಲಿತ್ತು.

“ಗಂಟು ಕಲಿಸಬಹುದು,” ಎಂದರು ಮತ್ತೆ. “ಕೈ ಕಲಿಸೋಕಾಗಲ್ಲ.”

ಅಡುಗೆಮನೆಯಲ್ಲಿ ಕಾಫಿ ಉಕ್ಕಿದ ವಾಸನೆ ಬಂತು. ಯಾರೂ ಏಳಲಿಲ್ಲ. ನಾನು ಆ ಮಡಕೆಯನ್ನು ನೆನೆದೆ, ಬಟ್ಟೆ ಕಟ್ಟಿ ಕಂಪನಿಯವನು ತಂದುಕೊಟ್ಟದ್ದನ್ನು. ಅದರೊಳಗೆ ಇದ್ದದ್ದು ಯಾರು?

ಯಶೋದಮ್ಮ ಗೋಡೆಗೆ ಕೈಯೂರಿ ಎದ್ದರು. ಮಂಡಿ ಕಟಕಟ ಎಂದಿತು. ಫೋಟೋದ ಕೆಳಗೆ ಹೋಗಿ, ಮೊಳೆಯಿಂದ ಕತ್ತರಿಯನ್ನು ತೆಗೆದು, ಸೆರಗಿನಿಂದ ಒರೆಸಿದರು.

“ಕೀರ್ತೂ,” ಎಂದರು, “ಇದನ್ನ ವಿಮಾನದಾಗೆ ಬುಡ್ತಾರಾ?”